ಬಾಡಿಗೆ ಮಳಿಗೆಯ ಫ್ಯೂಸ್ ಪೆಟ್ಟಿಗೆ ಯಾರ ಹೊಣೆ?

ರಾಜ್ಯದ ಯಾವುದೇ ಹಳೆಯ ಪೇಟೆಯಲ್ಲಿ, ಬೆಂಗಳೂರಿನ ಚಿಕ್ಕಪೇಟೆಯಾಗಲಿ, ಹುಬ್ಬಳ್ಳಿಯ ದುರ್ಗದ ಬೈಲಾಗಲಿ, ಮೈಸೂರಿನ ಸಂತೇಪೇಟೆಯಾಗಲಿ, ಬಾಡಿಗೆಗೆ ಮಳಿಗೆ ಹಿಡಿಯುವ ವರ್ತಕನು ವಿಚಾರಿಸುವ ಸಂಗತಿಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಮುಂಗಡವೆಷ್ಟು, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಸರಕಿನ ಗಾಡಿ ಬಾಗಿಲವರೆಗೆ ಬರುತ್ತದೆಯೆ, ಅಟ್ಟದ ಮೇಲೆ ದಾಸ್ತಾನಿಗೆ ಎಷ್ಟು ಸ್ಥಳವಿದೆ, ಬಾಗಿಲು ಯಾವ ದಿಕ್ಕಿಗಿದೆ. ಷಟರಿನ ಬೀಗವನ್ನು ಎರಡು ಸಲ ಎಳೆದು ನೋಡಲಾಗುತ್ತದೆ. ಆದರೆ ಷಟರಿನ ಒಳಮಗ್ಗುಲಲ್ಲಿ, ತಲೆಗಿಂತ ಒಂದು ಗೇಣು ಮೇಲೆ, ಧೂಳು ಹಿಡಿದ ಮರದ ಹಲಗೆಯ ಮೇಲಿರುವ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವವರು ವಿರಳ. ದೀಪ ಹತ್ತಿದರೆ ಪರೀಕ್ಷೆ ಮುಗಿದಂತೆ.

ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಳೆಯ ಪೇಟೆಗಳ ಕಟ್ಟಡಗಳಿಗೆ ಆ ಮೇಲಿನ ದಶಕಗಳಲ್ಲಿ ಹಂತಹಂತವಾಗಿ ತಂತಿ ಎಳೆಯಲಾಯಿತು. ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಕೂರಿಸಿದ ರಬ್ಬರ್ ಹೊದಿಕೆಯ ತಂತಿ, ಕಬ್ಬಿಣದ ಮೈನ್ ಸ್ವಿಚ್ಚು, ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು, ಎರಡು ತೂತಿನ ಸಾಕೆಟ್ಟುಗಳು ಇವು ಅಂದಿನ ವ್ಯವಸ್ಥೆ. ಮಾಲೀಕರು ಬದಲಾಗಿದ್ದಾರೆ, ಬಾಡಿಗೆದಾರರು ಬದಲಾಗಿದ್ದಾರೆ, ಮುಂಭಾಗಕ್ಕೆ ಗಾಜು ಮತ್ತು ಗ್ರಾನೈಟು ಬಂದಿದೆ. ಒಳಗಿನ ತಂತಿ ಮಾತ್ರ ಎಷ್ಟೋ ಕಡೆ ಹಾಗೆಯೇ ಉಳಿದು, ಅದರ ಮೇಲೆ ಜಿಪ್ಸಮ್ ಹಲಗೆಯ ಸುಳ್ಳು ಚಾವಣಿ ಬಂದು ಕುಳಿತಿದೆ. ಕಣ್ಣಿಗೆ ಕಾಣದ್ದು ಇಲ್ಲವೆಂದೇ ಲೆಕ್ಕ.

ಹಳೆಯ ಫ್ಯೂಸ್ ಕೆಟ್ಟ ಸಾಧನವೇನೂ ಅಲ್ಲ. ಅದರ ತತ್ತ್ವ ಸರಳ ಮತ್ತು ಪ್ರಾಮಾಣಿಕವಾದದ್ದು. ಗೋಡೆಯೊಳಗಿನ ತಂತಿ ಸುಡುವ ಮೊದಲು ಪಿಂಗಾಣಿಯೊಳಗಿನ ತೆಳುತಂತಿ ಕರಗಿ ಪ್ರವಾಹವನ್ನು ಕಡಿಯುತ್ತದೆ. ದೋಷವಿರುವುದು ಅದನ್ನು ಮತ್ತೆ ಕಟ್ಟುವ ಕೈಯಲ್ಲಿ. ವ್ಯಾಪಾರದ ಭರದ ಹೊತ್ತಿನಲ್ಲಿ ಫ್ಯೂಸ್ ಹೋದರೆ ಐದು ಆಂಪಿಯರಿನ ತಂತಿ ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ. ಕೈಗೆ ಸಿಕ್ಕ ವೈರಿನ ತುಂಡಿನಿಂದ ನಾಲ್ಕಾರು ತಾಮ್ರದೆಳೆ ಕಿತ್ತು ಹೊಸೆದು ಸುತ್ತಲಾಗುತ್ತದೆ. ದೀಪ ಹತ್ತುತ್ತದೆ, ‘ಇನ್ನು ಹೋಗುವುದಿಲ್ಲ’ ಎಂದು ಕಟ್ಟಿದವನು ಭರವಸೆಯನ್ನೂ ಕೊಡುತ್ತಾನೆ. ಅವನ ಮಾತು ಅಕ್ಷರಶಃ ನಿಜ. ಅಲ್ಲಿಂದ ಮುಂದೆ ಆ ಫ್ಯೂಸ್ ಹೋಗುವುದಿಲ್ಲ, ಗೋಡೆಯೊಳಗಿನ ತಂತಿಯೇ ಫ್ಯೂಸಿನ ಕೆಲಸಕ್ಕೆ ನಿಲ್ಲುತ್ತದೆ. ಸರಿಯಾದ ತಂತಿಯನ್ನೇ ಕಟ್ಟಿದರೂ ಈ ಬಗೆಯ ಫ್ಯೂಸ್ ಕರಗಲು ಅದರ ನಿಗದಿತ ಪ್ರಮಾಣದ ಸುಮಾರು ಎರಡು ಪಟ್ಟು ಪ್ರವಾಹ ಬೇಕಾಗುತ್ತದೆ. ಇಂದಿನ ಎಂ.ಸಿ.ಬಿ. ಆದರೋ ಒಂದೂವರೆ ಪಟ್ಟು ತಲಪುವ ಮೊದಲೇ ಒಂದು ಗಂಟೆಯೊಳಗೆ ತಾನಾಗಿ ಬೀಳುವಂತೆ ರಚಿತವಾಗಿದೆ, ಮತ್ತು ಅದಕ್ಕೆ ಯಾರೂ ತಾಮ್ರದೆಳೆ ಸುತ್ತಲಾರರು.

ಇದರೊಂದಿಗೆ ಭಾರದ ಲೆಕ್ಕವನ್ನೂ ನೋಡಬೇಕು. 1970ರ ದಶಕದ ಒಂದು ಬಟ್ಟೆ ಅಂಗಡಿಯಲ್ಲಿ 40 ವ್ಯಾಟಿನ ನಾಲ್ಕು ಟ್ಯೂಬ್‌ಲೈಟು, 75 ವ್ಯಾಟಿನ ಎರಡು ಫ್ಯಾನು ಇದ್ದವೆಂದಿಟ್ಟುಕೊಳ್ಳೋಣ. ಒಟ್ಟು 310 ವ್ಯಾಟ್. 230 ವೋಲ್ಟಿನಲ್ಲಿ ಒಂದೂವರೆ ಆಂಪಿಯರಿಗೂ ಕಡಿಮೆ. ಅದೇ ಮಳಿಗೆಯಲ್ಲಿ ಇಂದು ಒಂದೂವರೆ ಟನ್ನಿನ ಹವಾನಿಯಂತ್ರಕ, ಎರಡು ಗಣಕಯಂತ್ರ, ಯು.ಪಿ.ಎಸ್., ಪ್ರದರ್ಶನದ ದೀಪಗಳು, ಹಿಂಬದಿಯಲ್ಲಿ ಚಹಾದ ವಿದ್ಯುತ್ ಕೆಟಲ್ ಸೇರಿದರೆ ನಾಲ್ಕು ಕಿಲೋವ್ಯಾಟ್ ತಲಪುವುದು ಕಷ್ಟವಲ್ಲ. ಅದು 17 ಆಂಪಿಯರಿಗೂ ಮೇಲು. ಪ್ರವಾಹ ಸುಮಾರು 13 ಪಟ್ಟಾಯಿತು. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಅದೇ ತಂತಿ ಈಗ 160 ಪಟ್ಟಿಗೂ ಅಧಿಕ ಕಾಯಬೇಕು. ಐವತ್ತು ವರ್ಷದ ರಬ್ಬರು ಹೊದಿಕೆ ಅಷ್ಟರಲ್ಲಿ ಗಟ್ಟಿಯಾಗಿ, ಸೀಳು ಬಿಟ್ಟು, ಮುಟ್ಟಿದರೆ ಉದುರುವ ಸ್ಥಿತಿಯಲ್ಲಿರುತ್ತದೆ. ಪಕ್ಕದಲ್ಲಿಯೇ ಸೀರೆಯ ಕಟ್ಟುಗಳು, ರಟ್ಟಿನ ಪೆಟ್ಟಿಗೆಗಳು.

ಇನ್ನೊಂದು ದೋಷ ಹೆಚ್ಚು ಸೂಕ್ಷ್ಮವಾದದ್ದು. ಹಳೆಯ ಪೆಟ್ಟಿಗೆಗಳಲ್ಲಿ ಫೇಸಿಗೆ ಒಂದು, ನ್ಯೂಟ್ರಲಿಗೆ ಒಂದು, ಹೀಗೆ ಜೋಡಿ ಫ್ಯೂಸ್ ಇಡುವ ಪದ್ಧತಿಯಿತ್ತು. ನ್ಯೂಟ್ರಲಿನ ಫ್ಯೂಸ್ ಮೊದಲು ಕರಗಿದರೆ ಫ್ಯಾನು ನಿಲ್ಲುತ್ತದೆ, ದೀಪ ಆರುತ್ತದೆ. ವಿದ್ಯುತ್ ಇಲ್ಲವೆಂದೇ ತಿಳಿದು ಕೆಲಸದ ಹುಡುಗ ಏಣಿ ಹತ್ತಿ ತಂತಿಗೆ ಕೈಹಾಕುತ್ತಾನೆ. ಫೇಸಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ನ್ಯೂಟ್ರಲಿನಲ್ಲಿ ಪ್ರತ್ಯೇಕ ಫ್ಯೂಸ್ ಇರಕೂಡದೆಂದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ವಿಧಿಸಲಾಗಿತ್ತು. ಮನುಷ್ಯನ ಪ್ರಾಣಕ್ಕೆ ಕುತ್ತು ತರಲು ಆಂಪಿಯರುಗಳೇನೂ ಬೇಡ, ಕೆಲವೇ ಹತ್ತು ಮಿಲಿ ಆಂಪಿಯರು ಸಾಕು. ಐದು ಆಂಪಿಯರಿನ ಫ್ಯೂಸಿಗೆ ಅದರ ಅರಿವೇ ಆಗುವುದಿಲ್ಲ. ಅದನ್ನು ಗ್ರಹಿಸಿ ಕ್ಷಣಾರ್ಧದಲ್ಲಿ ಸರಬರಾಜು ಕಡಿಯುವ ಆರ್.ಸಿ.ಸಿ.ಬಿ. ಸಾಧನವು ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ ವಾರ್ಷಿಕ ವರದಿಗಳ ಪ್ರಕಾರ ದೇಶದಲ್ಲಿ ವಿದ್ಯುದಾಘಾತದಿಂದ ಸಾಯುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ವರ್ಷಕ್ಕೆ 10,000ವನ್ನು ಮೀರಿದೆ.

ಪೇಟೆಯ ಬೆಂಕಿ ಅನಾಹುತಗಳ ವರದಿಗಳಲ್ಲಿ ‘ಶಾರ್ಟ್ ಸರ್ಕ್ಯೂಟ್ ಕಾರಣ’ ಎಂಬ ಒಂದು ಸಾಲು ತಪ್ಪದೆ ಇರುತ್ತದೆ. 2019ರ ಡಿಸೆಂಬರಿನಲ್ಲಿ ದೆಹಲಿಯ ಅನಾಜ್ ಮಂಡಿಯ ಕಟ್ಟಡವೊಂದರಲ್ಲಿ 43 ಮಂದಿ ಸತ್ತಾಗಲೂ ಅದನ್ನೇ ಹೇಳಲಾಯಿತು. ಸತ್ತವರಲ್ಲಿ ಬಹುಪಾಲು ಕೆಲಸದ ಸ್ಥಳದಲ್ಲಿಯೇ ಮಲಗಿದ್ದ ಕಾರ್ಮಿಕರು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲಿ ವ್ಯಾಪಾರ ಮತ್ತು ವಾಸ ಎರಡೂ ಇದ್ದ ಕಟ್ಟಡಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ ಐವರು ಮೃತಪಟ್ಟಾಗಲೂ ಮೊದಲ ವರದಿಗಳು ಅತ್ತಲೇ ಬೊಟ್ಟು ಮಾಡಿದವು. ಆದರೆ ಶಾರ್ಟ್ ಸರ್ಕ್ಯೂಟ್ ಎಂಬುದು ಅರ್ಧ ಉತ್ತರ ಮಾತ್ರ. ರಕ್ಷಣಾ ಸಾಧನ ಸರಿಯಿದ್ದಲ್ಲಿ ಅದು ಒಂದು ಕಿಡಿ ಮತ್ತು ಒಂದು ‘ಟಪ್’ ಎಂಬ ಸದ್ದಿನಲ್ಲಿ ಮುಗಿಯಬೇಕಾದ ಘಟನೆ. ಅಲ್ಲಿ ಮುಗಿಯದೆ ಬೆಂಕಿಯಾಯಿತೆಂದಾದರೆ, ಫ್ಯೂಸ್ ಅಥವಾ ಬ್ರೇಕರು ಏಕೆ ಕೆಲಸ ಮಾಡಲಿಲ್ಲ ಎಂಬುದು ಕೇಳಬೇಕಾದ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳಿದೊಡನೆಯೇ ಹೊಣೆ ಯಾರದೆಂಬ ವಿಚಾರ ಬರುವುದರಿಂದಲೋ ಏನೋ, ಅದು ಸಾಮಾನ್ಯವಾಗಿ ಕೇಳಲ್ಪಡುವುದೇ ಇಲ್ಲ.

ಹೊಣೆಯ ವಿಚಾರದಲ್ಲಿ ಕಾನೂನು ಮೌನವಾಗಿದೆಯೆಂದು ಹೇಳಲಾಗದು. ಅದು ಬೇರೆ ಬೇರೆ ಬಾಗಿಲಲ್ಲಿ ನಿಂತು ಬೇರೆ ಬೇರೆ ಮಾತನಾಡುತ್ತದೆ. ಬೆಸ್ಕಾಂ, ಹೆಸ್ಕಾಂ ಮೊದಲಾದ ಕಂಪನಿಗಳ ಹೊಣೆ ಮೀಟರಿನ ಬಳಿಗೆ ಮುಗಿಯುತ್ತದೆ. ಅಲ್ಲಿಂದಾಚೆಗಿನದು ಗ್ರಾಹಕನದು. ಆದರೆ ಗ್ರಾಹಕನೆಂದರೆ ಯಾರು? ಆರ್.ಆರ್. ಸಂಖ್ಯೆ ಮಾಲೀಕನ ಹೆಸರಿನಲ್ಲಿ, ಎಷ್ಟೋ ಸಲ ಅವನ ತಂದೆಯ ಅಥವಾ ಹಿಂದಿನ ಮಾಲೀಕನ ಹೆಸರಿನಲ್ಲಿ ಇರುತ್ತದೆ. ಬಿಲ್ಲು ಕಟ್ಟುವವನು, ವಿದ್ಯುತ್ ಬಳಸುವವನು ಬಾಡಿಗೆದಾರ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಮು, ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಬಾಡಿಗೆದಾರನಿಗೆ ಕಾಣದಂತಹ, ಆದರೆ ಮಾಲೀಕನಿಗೆ ತಿಳಿದಿರುವ ಮುಖ್ಯ ದೋಷವನ್ನು ಮಾಲೀಕನು ತಿಳಿಸಬೇಕೆನ್ನುತ್ತದೆ. ಸುಳ್ಳು ಚಾವಣಿಯ ಮೇಲಿನ ಸುಟ್ಟ ತಂತಿಗಿಂತ ಒಳ್ಳೆಯ ಉದಾಹರಣೆ ಈ ಮಾತಿಗೆ ದೊರೆಯಲಾರದು. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಬಳಿಕವೂ ಮಾಡದಿದ್ದರೆ ಬಾಡಿಗೆದಾರನು ತಾನೇ ಮಾಡಿಸಿ, ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆಯಬಹುದೆಂದೂ ಅದೇ ಕಲಮು ಹೇಳುತ್ತದೆ. ಯಾವ ದುರಸ್ತಿಗೆ ಮಾಲೀಕನು ಬದ್ಧನೆಂಬುದನ್ನು ಮಾತ್ರ ಕರಾರಿನಲ್ಲಿ ಬರೆದಿರಬೇಕು. ಹನ್ನೊಂದು ತಿಂಗಳ ಕರಾರುಗಳಲ್ಲಿ ಆ ಸಾಲು ಇರುವುದು ಅಪರೂಪ.

2021ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಪರಿಶೀಲನೆಗಾಗಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯ ಎರಡನೆಯ ಅನುಸೂಚಿಯು ಇನ್ನೂ ಕುತೂಹಲಕಾರಿಯಾದುದು. ಒಳಗಿನ ಹಾಗೂ ಹೊರಗಿನ ವಿದ್ಯುತ್ ತಂತಿಯ ಕೆಲಸವನ್ನು ಅದು ಮಾಲೀಕನ ಪಾಲಿಗೆ ಹಾಕುತ್ತದೆ. ಸರ್ಕ್ಯೂಟ್ ಬ್ರೇಕರಿನ ದುರಸ್ತಿ, ಸ್ವಿಚ್ಚು ಮತ್ತು ಸಾಕೆಟ್ಟಿನ ದುರಸ್ತಿಗಳನ್ನು ಬಾಡಿಗೆದಾರನ ಪಾಲಿಗೆ ಹಾಕುತ್ತದೆ. ನಲ್ಲಿಯ ವಾಷರ್ ಬದಲಿಸುವ ಸಾಲಿನಲ್ಲಿಯೇ ಬ್ರೇಕರೂ ಸೇರಿದೆ. ತಂತಿಯೂ ಅದನ್ನು ಕಾಯುವ ಸಾಧನವೂ ಒಂದೇ ವ್ಯವಸ್ಥೆಯ ಎರಡು ಅಂಗಗಳು. ತಂತಿಯ ಗಾತ್ರ ತಿಳಿಯದೆ ಬ್ರೇಕರಿನ ಪ್ರಮಾಣ ನಿಗದಿಪಡಿಸಲಾಗದು. ಬ್ರೇಕರು ಪದೇ ಪದೇ ಬೀಳುತ್ತದೆಂದು ಬಾಡಿಗೆದಾರನು ತನ್ನ ಪಾಲಿನ ‘ದುರಸ್ತಿ’ಯಾಗಿ 16ರ ಬದಲು 32 ಆಂಪಿಯರಿನದನ್ನು ಹಾಕಿಸಿದರೆ, ಮಾಲೀಕನ ಪಾಲಿನ ತಂತಿ ಸುಡುತ್ತದೆ. ಕಾಯಿದೆ ಬರೆದವರ ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಆದರೆ ರಾಜ್ಯವು ಎಂದಾದರೂ ಈ ಮಾದರಿಯನ್ನು ಅನುಸರಿಸಿ ಶಾಸನ ಮಾಡುವುದಾದರೆ ಈ ವಿಭಜನೆಯನ್ನು ಹಾಗೆಯೇ ಒಪ್ಪಿಕೊಳ್ಳಬಾರದು.

ಇಬ್ಬರೂ ಖರ್ಚು ಮಾಡದಿರುವುದಕ್ಕೆ ಲೋಭವೊಂದೇ ಕಾರಣವಲ್ಲ. ಹಳೆಯ ಪೇಟೆಗಳಲ್ಲಿ ಎಷ್ಟೋ ಮಾಲೀಕರಿಗೆ ದಶಕಗಳ ಹಿಂದಿನ ಬಾಡಿಗೆ ಬರುತ್ತಿರುತ್ತದೆ. ಒಂದು ವರ್ಷದ ಬಾಡಿಗೆ ಹೊಸ ವೈರಿಂಗಿಗೆ ಸಾಲದು. ಬಾಡಿಗೆದಾರನಿಗೆ ಪರರ ಗೋಡೆಗೆ ಹಣ ಹಾಕುವ ಚಿಂತೆ. ಜತೆಗೆ ಅವನಿಗೆ ಇನ್ನೊಂದು ಭಯವಿದೆ. ಮಂಜೂರಾದ ಭಾರ ಒಂದು ಕಿಲೋವ್ಯಾಟ್ ಇದ್ದು ಬಳಕೆ ನಾಲ್ಕಿದ್ದರೆ, ಪರೀಕ್ಷೆಗೆ ಬಂದವರ ಕಣ್ಣಿಗೆ ಅದು ಬೀಳುತ್ತದೆ. ಮಂಜೂರಾತಿಗೆ ಮೀರಿದ ಬಳಕೆಯೂ 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೆಯ ಕಲಮಿನಡಿ ಅನಧಿಕೃತ ಬಳಕೆಯೇ ಎಂದು ಒಡಿಶಾದ ಸೀತಾರಾಮ್ ಅಕ್ಕಿ ಗಿರಣಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿದೆ. ಅದರ ದರ ಎರಡು ಪಟ್ಟು. ಭಾರ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕೋಣವೆಂದರೆ ಸಾಮಾನ್ಯವಾಗಿ ಮಾಲೀಕನ ಒಪ್ಪಿಗೆ ಪತ್ರ ಕೇಳಲಾಗುತ್ತದೆ. ಒಪ್ಪಿಗೆ ಕೊಟ್ಟರೆ ಬಾಡಿಗೆದಾರನು ಬೇರೂರಿಬಿಡುತ್ತಾನೆಂದು ಮಾಲೀಕನಿಗೆ ಅನುಮಾನ. ಹೀಗಾಗಿ ಪೆಟ್ಟಿಗೆಯನ್ನು ಮುಚ್ಚಿಡುವುದೇ ಎಲ್ಲರಿಗೂ ಕ್ಷೇಮವಾಗಿ ತೋರುತ್ತದೆ. ಸರಬರಾಜು ಕೋರಿ ಅರ್ಜಿ ಹಾಕಲು ‘ಮಾಲೀಕ ಅಥವಾ ಸ್ವಾಧೀನದಾರ’ ಇಬ್ಬರಿಗೂ ಹಕ್ಕಿದೆಯೆಂದು ಅದೇ ಅಧಿನಿಯಮದ 43ನೆಯ ಕಲಮು ಹೇಳುವುದನ್ನು ಇಲ್ಲಿ ನೆನೆಯಬಹುದು.

ಇನ್ನು ತಪಾಸಣೆಯ ಮಾತು. ಸರಬರಾಜಿಗೆ ಜೋಡಿಸಿದ ವಿದ್ಯುತ್ ಸ್ಥಾವರವನ್ನು ಐದು ವರ್ಷ ಮೀರದಂತೆ ಆಗಾಗ ಪರೀಕ್ಷಿಸಬೇಕೆಂಬ ವಿಧಿ 1956ರ ನಿಯಮಗಳಲ್ಲಿತ್ತು. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2010ರ ಸುರಕ್ಷತಾ ವಿನಿಯಮಗಳಲ್ಲಿ ಮುಂದುವರಿಯಿತು. ಅವುಗಳ ಸ್ಥಾನದಲ್ಲಿ ಬಂದ 2023ರ ವಿನಿಯಮಗಳಲ್ಲಿಯೂ ಇದೆ. ವಿದ್ಯುತ್ ಪರಿವೀಕ್ಷಣಾಲಯದ ಬೆರಳೆಣಿಕೆಯ ಅಧಿಕಾರಿಗಳು ರಾಜ್ಯದ ಪ್ರತಿ ಅಂಗಡಿಯ ಪೆಟ್ಟಿಗೆ ತೆರೆಯುವುದು ಸಾಧ್ಯವಿಲ್ಲವಾದ್ದರಿಂದ, ಅಧಿಸೂಚಿತ ವೋಲ್ಟೇಜಿನ ಮಿತಿಯೊಳಗಿನ ಸ್ಥಾವರಗಳಿಗೆ ಸ್ವಯಂ ದೃಢೀಕರಣದ ಅವಕಾಶ ಕೊಡಲಾಯಿತು. ಇದು ವರ್ತಕ ಸಮುದಾಯವೇ ಬಯಸುವಂತಹ ಸುಧಾರಣೆ. ಆದರೆ ಬಾಡಿಗೆ ಮಳಿಗೆಯಲ್ಲಿ ‘ಸ್ವಯಂ’ ಎಂದರೆ ಯಾರೆಂಬುದೇ ಇತ್ಯರ್ಥವಾಗದೆ, ಕೊಟ್ಟ ವಿಶ್ವಾಸವನ್ನು ಉಳಿಸಿಕೊಂಡವರು ಕಡಿಮೆ. ಐದು ವರ್ಷಕ್ಕೊಮ್ಮೆ ದೃಢೀಕರಣವಿರಲಿ, ಕಟ್ಟಡ ಕಟ್ಟಿದಂದಿನಿಂದ ಒಮ್ಮೆಯೂ ಮೆಗ್ಗರ್ ಕಾಣದ ಮಳಿಗೆಗಳು ಪ್ರತಿ ಪೇಟೆಯಲ್ಲಿವೆ.

ಇಂಗ್ಲೆಂಡಿನಲ್ಲಿ ಇದೇ ಗೊಂದಲವನ್ನು ವಾಸದ ಬಾಡಿಗೆ ಮನೆಗಳ ಮಟ್ಟಿಗೆ ಬಗೆಹರಿಸಿದ ರೀತಿ ಗಮನಾರ್ಹ. 2020ರ ವಿನಿಯಮಗಳ ಪ್ರಕಾರ ಮಾಲೀಕನು ಐದು ವರ್ಷಕ್ಕೊಮ್ಮೆಯಾದರೂ ಅರ್ಹ ವ್ಯಕ್ತಿಯಿಂದ ಪರೀಕ್ಷೆ ಮಾಡಿಸಿ, 28 ದಿನಗಳೊಳಗೆ ವರದಿಯ ಪ್ರತಿಯನ್ನು ಬಾಡಿಗೆದಾರನಿಗೆ ಕೊಡಬೇಕು. ದೋಷವಿದ್ದರೆ ಮತ್ತೆ 28 ದಿನಗಳೊಳಗೆ ಸರಿಪಡಿಸಬೇಕು. ತಪ್ಪಿದರೆ 30,000 ಪೌಂಡುಗಳವರೆಗೆ ದಂಡ ವಿಧಿಸುವ ಅಧಿಕಾರವನ್ನು ಆಗ ಸ್ಥಳೀಯ ಸಂಸ್ಥೆಗಳಿಗೆ ನೀಡಲಾಯಿತು. ಅಷ್ಟು ದಂಡ ನಮ್ಮ ಪೇಟೆಗಳಿಗೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಅನುಕರಣೀಯವಾದ ಅಂಶ ಬೇರೆಯೇ: ಪರೀಕ್ಷೆ ಮಾಡುವವನು ಸರ್ಕಾರಿ ಅಧಿಕಾರಿಯಲ್ಲ, ಮತ್ತು ವರದಿ ಕಡತ ಸೇರದೆ ಆ ಸೂರಿನಡಿ ಇರುವವನ ಕೈ ಸೇರುತ್ತದೆ.

ತಪಾಸಣೆಯೆಂಬ ಶಬ್ದ ಕೇಳಿದೊಡನೆ ವರ್ತಕರ ಮನಸ್ಸು ಇನ್ಸ್‌ಪೆಕ್ಟರ್ ರಾಜ್‌ನತ್ತ ಹೋಗುವುದು ಸಹಜ. ಕಾರ್ಮಿಕ, ತೂಕ ಮತ್ತು ಅಳತೆ, ಆಹಾರ, ತೆರಿಗೆ ಎಂದು ಬಾಗಿಲಿಗೆ ಬರುವವರ ಸಾಲು ಮೊದಲೇ ಉದ್ದವಿದೆ; ಇನ್ನೊಬ್ಬರನ್ನು ಕೈಯಾರೆ ಕರೆಯಬೇಕೆ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಇಲ್ಲಿ ಕೇಳಲಾಗುತ್ತಿರುವುದು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೊಬ್ಬನ ಅರ್ಧ ದಿನದ ಕೆಲಸ. 500 ವೋಲ್ಟಿನ ಮೆಗ್ಗರ್ ಹಿಡಿದು ತಂತಿಗೂ ನೆಲಕ್ಕೂ ನಡುವಿನ ನಿರೋಧ ಒಂದು ಮೆಗಓಮಿಗಿಂತ ಕಡಿಮೆಯಿಲ್ಲವೆಂದು ನೋಡುವುದು, ಅರ್ಥಿಂಗ್ ಪರೀಕ್ಷಿಸುವುದು, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿಲ್ಲವೆಂದು ಖಚಿತಪಡಿಸುವುದು, ತಂತಿಯ ಗಾತ್ರಕ್ಕೆ ಬ್ರೇಕರು ಹೊಂದುತ್ತದೆಯೆ ಎಂದು ಬರೆದುಕೊಡುವುದು. ಅದರ ಶುಲ್ಕವನ್ನು ಮಳಿಗೆಗೆ ಕೊಡುವ ಮುಂಗಡದೊಂದಿಗೆ ಹೋಲಿಸಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ವಿಮೆಯಿದೆಯಲ್ಲ ಎನ್ನುವವರೂ ಉಂಟು. ಸಾಮಾನ್ಯ ಅಗ್ನಿ ವಿಮೆಯು ಶಾರ್ಟ್ ಸರ್ಕ್ಯೂಟಿನಿಂದ ಹರಡಿದ ಬೆಂಕಿಗೆ ಆಹುತಿಯಾದ ಸರಕಿಗೆ ಪರಿಹಾರ ಕೊಡುತ್ತದೆ, ದೋಷ ಹುಟ್ಟಿದ ಆ ಉಪಕರಣಕ್ಕೆ ಕೊಡುವುದಿಲ್ಲ. ಬಾಡಿಗೆದಾರನ ವಿಮೆ ಅವನ ಸರಕಿಗೆ ಮಾತ್ರ. ಮೇಲಿನ ಅಟ್ಟದಲ್ಲಿ ರಾತ್ರಿ ಮಲಗುವ ಊರು ಬಿಟ್ಟು ಬಂದ ಹುಡುಗರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ವಾಣಿಜ್ಯೋದ್ಯಮ ಸಂಸ್ಥೆಗಳ ಸದಸ್ಯತ್ವದಲ್ಲಿ ಮಾಲೀಕರೂ ಇದ್ದಾರೆ, ಬಾಡಿಗೆದಾರರೂ ಇದ್ದಾರೆ. ಎಷ್ಟೋ ಸದಸ್ಯರು ಒಂದು ಬೀದಿಯಲ್ಲಿ ಮಾಲೀಕರು, ಪಕ್ಕದ ಬೀದಿಯಲ್ಲಿ ಬಾಡಿಗೆದಾರರು. ಎರಡೂ ಪಕ್ಷದವರನ್ನು ಒಂದೇ ಮೇಜಿನ ಸುತ್ತ ಕೂರಿಸಬಲ್ಲ ವೇದಿಕೆ ಬೇರೊಂದಿಲ್ಲ. ಶಾಸನಕ್ಕಾಗಿ ಕಾಯದೆ ಮಾದರಿ ಕರಾರೊಂದನ್ನು ಸಿದ್ಧಪಡಿಸುವುದು ಕಷ್ಟದ ಕಾರ್ಯವಲ್ಲ. ಮಳಿಗೆ ಕೈ ಬದಲಾಗುವ ಮೊದಲು ಪರೀಕ್ಷಾ ವರದಿಯನ್ನು ಕರಾರಿಗೆ ಲಗತ್ತಿಸಬೇಕು. ತಂತಿ ಮತ್ತು ಪೆಟ್ಟಿಗೆ ಎರಡೂ ಕೂಡಿ ಮಾಲೀಕನ ಹೊಣೆಯಾಗಬೇಕು. ಬಾಡಿಗೆದಾರನ ವ್ಯಾಪಾರಕ್ಕಾಗಿ ಭಾರ ಹೆಚ್ಚಿಸುವ ವೆಚ್ಚ ಬಾಡಿಗೆದಾರನದಾಗಬೇಕು. ಬಾಡಿಗೆ ತೀರ ಕಡಿಮೆಯಿರುವಲ್ಲಿ ವೈರಿಂಗಿನ ಹಣವನ್ನು ಬಾಡಿಗೆದಾರನೇ ಹಾಕಿ ಕಂತುಗಳಲ್ಲಿ ಬಾಡಿಗೆಯಿಂದ ಕಳೆದುಕೊಳ್ಳುವ ಏರ್ಪಾಡನ್ನು ಮೊದಲೇ ಬರೆದಿಡಬಹುದು. ಹೊಸ ವೈರಿಂಗಿನ ಆಧಾರದಿಂದ ಸ್ವಾಧೀನದ ಯಾವ ಹೊಸ ಹಕ್ಕೂ ಹುಟ್ಟುವುದಿಲ್ಲವೆಂಬ ಸಾಲು ಸೇರಿಸಿದರೆ ಮಾಲೀಕನ ಅನುಮಾನಕ್ಕೂ ಉತ್ತರವಾಯಿತು. ವಿದ್ಯುತ್ ಕಂಪನಿಗಳ ಮುಂದಿಡಬೇಕಾದ ಬೇಡಿಕೆ ಒಂದೇ: ಪರೀಕ್ಷಾ ವರದಿಯೊಂದಿಗೆ ತಾನಾಗಿ ಭಾರ ಹೆಚ್ಚಿಸಿಕೊಳ್ಳಲು ಬಂದ ಸ್ವಾಧೀನದಾರನಿಂದ ಮಾಲೀಕನ ಒಪ್ಪಿಗೆಯ ಬದಲು ಮಾಲೀಕನಿಗೆ ಕೊಟ್ಟ ತಿಳಿವಳಿಕೆ ಪತ್ರವನ್ನು ಸ್ವೀಕರಿಸಲಿ, ಮತ್ತು ಹಾಗೆ ಬಂದವನ ಮೇಲೆ ಹಿಂದಿನ ಬಳಕೆಗಾಗಿ 126ನೆಯ ಕಲಮನ್ನು ಪ್ರಯೋಗಿಸದಿರಲಿ.

ಆರಂಭಕ್ಕೆ ಖಾಸಗಿ ಮಾಲೀಕರನ್ನೇ ಹುಡುಕಬೇಕಾಗಿಲ್ಲ. ನಗರಸಭೆ, ಮಹಾನಗರ ಪಾಲಿಕೆಗಳ ವಾಣಿಜ್ಯ ಸಂಕೀರ್ಣಗಳು, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ ಪ್ರಾಂಗಣದ ಮಳಿಗೆಗಳು ಮತ್ತು ಗೋದಾಮುಗಳಲ್ಲಿ ಮಾಲೀಕ ಸಾರ್ವಜನಿಕ ಸಂಸ್ಥೆಯೇ. ಅಲ್ಲಿ ಬಾಡಿಗೆ ಪರಿಷ್ಕರಣೆಯ ನೋಟಿಸು ಅವಧಿ ತಪ್ಪದೆ ಬರುತ್ತದೆ. ಮುಂದಿನ ಪರಿಷ್ಕರಣೆಯ ಮಾತುಕತೆಗೆ ವರ್ತಕರ ಸಂಘಗಳು ಹೋಗುವಾಗ, ಆಯಾ ಮಳಿಗೆಯ ಕಳೆದ ಐದು ವರ್ಷಗಳ ಪರೀಕ್ಷಾ ವರದಿಯ ಪ್ರತಿಯನ್ನು ಮೊದಲು ಮೇಜಿನ ಮೇಲಿಡುವಂತೆ ಕೇಳಲು ಯಾವ ಹೊಸ ಕಾನೂನೂ ಬೇಕಾಗಿಲ್ಲ. ಅದಕ್ಕೆ ಮುನ್ನ, ದೀಪಾವಳಿಯ ಸಾಲುದೀಪಗಳ ತಂತಿಯನ್ನು ಅದೇ ಹಳೆಯ ಪೆಟ್ಟಿಗೆಗೆ ಸಿಕ್ಕಿಸುವ ಮುಂಚೆ, ಪ್ರತಿಯೊಬ್ಬರೂ ತಮ್ಮ ಮಳಿಗೆಯ ಪಿಂಗಾಣಿ ಫ್ಯೂಸೊಂದನ್ನು ಪರವಾನಗಿ ಇರುವ ವೈರ್‌ಮನ್ನನಿಂದ ಬಿಚ್ಚಿಸಿ ಒಳಗೆ ಎಷ್ಟು ದಪ್ಪದ ತಂತಿಯಿದೆಯೆಂದು ನೋಡಿಸಬಹುದು.